ಡಬ್ಬಿಗೆ ಬೀಡಿ ವಾಸನೆ ಬರುವುದಿಲ್ಲ

ಮನೆಯ ಮೂಲೆಯಲ್ಲಿ ಕೂತ ಒಂದು ಡಬ್ಬಿಯೇ ರೋಗಿಯ ನಿದ್ದೆ ಅಳೆದು, ನಾಡಿ ನೋಡಿ, ದನಿಯ ಏರಿಳಿತ ಕೇಳಿ, ಇವತ್ತು ಇವನಿಗೆ ಎಷ್ಟು ಮಾತ್ರೆ ಬೇಕು ಎಂದು ತಾನೇ ತೀರ್ಮಾನಿಸುವಂತಾದರೆ? ನಾನು ಹಗಲು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಂತು, ಸಂಜೆ ತರಗತಿಗಳಲ್ಲಿ ಫಾರ್ಮಸಿ ಓದುತ್ತಿದ್ದಾಗ, ತೂಕಡಿಸುವವರನ್ನು ಎಬ್ಬಿಸಲು ಮೇಷ್ಟರು ಕೇಳುತ್ತಿದ್ದ ಪ್ರಶ್ನೆ ಇದು. ಈಗ ಅಂಥ ಡಬ್ಬಿ ಮೂರು ಜಿಲ್ಲೆಗಳ ಮನೆಗಳಲ್ಲಿದೆ. ಅದರ ಮೇಲೆ ಕಣ್ಣಿಡುವುದೇ ನನ್ನ ಕೆಲಸ.

ಯೋಜನೆಯ ಹೆಸರು ‘ತುಲಾ’. ಜನ ಕರೆಯುವುದು ‘ಡಬ್ಬಿ ಡಾಕ್ಟ್ರು’ ಎಂದು. ರೋಗಿಯ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದು ನಿದ್ದೆ, ನಡಿಗೆ, ನಾಡಿಬಡಿತ, ಊಟದ ಹೊತ್ತುಗಳನ್ನು ಲೆಕ್ಕಹಾಕಿ ಡಬ್ಬಿಗೆ ಕಳಿಸುತ್ತದೆ. ಡಬ್ಬಿ ಮನೆಯ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಆದರೆ ಆಡಿದ ಮಾತನ್ನು ಹೊರಗೆ ಕಳಿಸುವಂತಿಲ್ಲ. ಕಾನೂನು ಹಾಗಿದೆ. ದನಿ ಜೋರಾಯಿತೇ, ಮಾತು ಕಡಿಮೆಯಾಯಿತೇ, ಹೇಳಿದ್ದನ್ನೇ ಹೇಳುತ್ತಿದ್ದಾನೆಯೇ ಎಂಬ ಲಕ್ಷಣಗಳನ್ನಷ್ಟೇ ಕಳಿಸುತ್ತದೆ. ಇವೆಲ್ಲವನ್ನೂ ಕೂಡಿಸಿ ಕಳೆದು, ಸಂಜೆ ಎಂಟಕ್ಕೆ ಕೆಳಗಿನ ಬಟ್ಟಲಿಗೆ ಮಾತ್ರೆ ಉದುರಿಸುತ್ತದೆ. ಮನಸ್ಸಿನ ಕಾಯಿಲೆಗೆ ಡಾಕ್ಟರನ್ನು ಕಾಣಲು ತಿಂಗಳುಗಟ್ಟಲೆ ಕಾಯುತ್ತಿದ್ದ ಜನಕ್ಕೆ ಇದು ದೊಡ್ಡ ಉಪಕಾರವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತುಮಕೂರಿನ ನಿಗಾ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ರೋಗಿಗಳ ಹೆಸರುಗಳು. ಹಸಿರಾಗಿದ್ದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಅಪಾಯ. ನಾನು ಅಲ್ಲಿನ ಕ್ಲಿನಿಕಲ್ ಫಾರ್ಮಸಿಸ್ಟ್. ಹಾಗೆಂದರೇನು ಎಂದು ಕೇಳಿದವರಿಗೆಲ್ಲ ವಿವರಿಸಿ ಸಾಕಾಗಿದೆ. ಮಾತ್ರೆಗೂ ಮನುಷ್ಯನಿಗೂ, ಮಾತ್ರೆಗೂ ಮಾತ್ರೆಗೂ ಜಗಳವಾಗದಂತೆ ನೋಡಿಕೊಳ್ಳುವವಳು ಎನ್ನುತ್ತೇನೆ. ನಮ್ಮ ಅತ್ತೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಮ್ ದಾಕ್ಷಾಯಿಣಿ ಮಾತ್ರೆ ಪೊಲೀಸು.”

ಈ ಪೊಲೀಸಿಗೆ ಇರುವ ಅಧಿಕಾರ ಒಂದೇ. ನನ್ನ ಮೇಜಿನ ಮೇಲೆ ‘ತಡೆ’ ಎಂಬ ಗುಂಡಿಯಿದೆ. ಒತ್ತಿದರೆ ಆ ಸಂಜೆ ಆ ರೋಗಿಯ ಡಬ್ಬಿ ಮಾತ್ರೆ ಕೊಡುವುದಿಲ್ಲ, ಕೂಡಲೇ ಡಾಕ್ಟರಿಗೆ ಸುದ್ದಿ ಹೋಗುತ್ತದೆ. ಯಾಕೆ ಒತ್ತಿದೆ ಎಂದು ಕಾರಣ ಕೊಡಬೇಕು. ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಬೇರೆಯವರ ಮೇಲಲ್ಲ, ನನ್ನ ಮೇಲೆ. ಬೀಗ ಹಾಕಿ ಬಂದೆನೇ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುವವಳು ನಾನು. ಯಂತ್ರ ನೋಡಿಕೊಳ್ಳುವ ಲೋಹಿತ್ ಇದನ್ನು ಕಂಡು ನಗುತ್ತಾನೆ. “ನಿಮ್ ಬೆರಳು ಗುಂಡಿ ತಂಕ ಹೋಗಿ ವಾಪಸ್ ಬರೋದ್ರಲ್ಲೇ ಸವೆದೋಗುತ್ತೆ ಮೇಡಂ” ಎನ್ನುತ್ತಾನೆ.

ಆ ಮಧ್ಯಾಹ್ನ ಗೋಡೆಯ ಮೇಲೆ ಚೆಲುವರಾಜು ಎಂಬ ಹೆಸರು ಹಳದಿಯಾಗಿತ್ತು.

ಅರಸೀಕೆರೆಯಲ್ಲಿ ರೈಲ್ವೆ ಗೇಟಿನ ಪಕ್ಕ ಹಿಟ್ಟಿನ ಗಿರಣಿ ಇಟ್ಟುಕೊಂಡವರು ಅವರು. ಕೆಲವು ವರ್ಷಗಳ ಹಿಂದೆ, ಗಿರಣಿಯ ಸದ್ದಿನೊಳಗಿಂದ ಯಾರೋ ತನ್ನನ್ನು ಕರೆಯುತ್ತಾರೆ ಎಂದು ಹೇಳಲು ಶುರು ಮಾಡಿದ್ದರು. ಒಂದು ದಿನ ಆ ಕರೆಗೆ ಓಗೊಟ್ಟು ಹಳಿಯ ಮೇಲೆ ಎರಡೂ ಕೈ ಚಾಚಿ ನಿಂತಿದ್ದರು. ಗ್ಯಾಂಗ್‌ಮನ್ ಒಬ್ಬ ಎಳೆದು ಬೀಳಿಸಿದ್ದರಿಂದ ಉಳಿದರು. ಬೇರೆ ಯಾವ ಮಾತ್ರೆಗೂ ಆ ದನಿ ಅಡಗಲಿಲ್ಲ. ಕೊನೆಗೆ ಕ್ಲೋಜಪಿನ್ ಎಂಬ ಔಷಧಿಗೆ ಅಡಗಿತು. ಅದು ಸಾಮಾನ್ಯದ ಔಷಧಿಯಲ್ಲ. ಕಡಿಮೆಯಾದರೆ ದನಿ ಮರಳುತ್ತದೆ, ಹೆಚ್ಚಾದರೆ ಮನುಷ್ಯ ಮಂಕಾಗುತ್ತಾನೆ, ಕರುಳು ಕಟ್ಟುತ್ತದೆ, ಫಿಟ್ಸ್ ಬರುತ್ತದೆ, ಹೃದಯಕ್ಕೂ ಪೆಟ್ಟು. ಎರಡರ ನಡುವಿನ ದಾರಿ ಬಹಳ ಕಿರಿದು.

ಡಬ್ಬಿ ಈಚೆಗೆ ಎರಡು ಸಲ ಅವರ ಮಾತ್ರೆ ಏರಿಸಿತ್ತು. ಕಾರಣಗಳು ಪರದೆಯ ಮೇಲಿದ್ದವು. ಬೆಳಗಿನ ಜಾವಕ್ಕೇ ಎದ್ದುಬಿಡುತ್ತಾರೆ. ಊಟ ಕಡಿಮೆ. ನಡಿಗೆ ಹೆಚ್ಚು. ಮನೆಯವರೊಂದಿಗೆ ಮಾತು ಕಡಿಮೆ. ಜೋರು ದನಿಯಲ್ಲಿ ಒಂದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಕೆಳಗೆ ಡಬ್ಬಿಯ ತೀರ್ಮಾನ: ಕಾಯಿಲೆ ಮರುಕಳಿಸುವ ಸೂಚನೆ. ಇವತ್ತು ಮತ್ತೊಮ್ಮೆ ಏರಿಸಲಿದೆ.

“ಸರಿಯಾಗೇ ಹಿಡ್ದೈತೆ” ಎಂದ ಲೋಹಿತ್. “ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದಾರೆ, ಹೇಳಿದ್ದೇ ಹೇಳ್ತಾರೆ. ನಂಗೇ ಗೊತ್ತಾಗುತ್ತೆ, ಇನ್ನು ಅದಕ್ಕೆ ಗೊತ್ತಾಗಲ್ವಾ?”

“ನಾಡಿ ನೋಡು. ಕೂತಿರುವಾಗಲೂ ಓಡ್ತಾ ಇದೆ. ಹಗಲು ಹೊತ್ತು ತೂಕಡಿಕೆ. ಕಾಯಿಲೆ ಏಳ್ತಾ ಇದ್ರೆ ಮನುಷ್ಯ ಇಷ್ಟು ಮಂಕಾಗ್ತಾನಾ?”

“ಮಂಕಾಗೋದೂ ಕಾಯಿಲೆ ಲಕ್ಷಣಾನೇ ಅಂತ ನೀವೇ ತಾನೆ ಪಾಠ ಮಾಡಿದ್ದು?”

ಹೌದು, ನಾನೇ ಹೇಳಿದ್ದು. ಚೆಲುವರಾಜುವಿನ ಮನೆಗೆ ಫೋನ್ ಮಾಡಿದೆ. ಹೆಂಡತಿ ಜಯಶೀಲಾ ತೆಗೆದುಕೊಂಡರು. ಹಿಂದೆ ಗಿರಣಿಯ ಸದ್ದು.

“ಚೆನ್ನಾಗವ್ರೆ ಮೇಡಂ. ಇಷ್ಟು ಶಾಂತವಾಗಿ ಅವ್ರು ಯಾವತ್ತೂ ಇರ್ಲಿಲ್ಲ.”

“ಒಂದು ನಿಮಿಷ ಅವರ ಹತ್ರ ಮಾತಾಡ್ಬಹುದಾ?”

“ಮಲ್ಗವ್ರೆ. ಎದ್ಮೇಲೆ ಮಾಡಿಸ್ತೀನಿ ಬಿಡಿ.” ಆಮೇಲೆ ಕೇಳಬಾರದ್ದನ್ನು ಕೇಳುವವರ ಹಾಗೆ, “ಮೇಡಂ, ಡಬ್ಬಿ ಏನಾದ್ರೂ ಹೇಳ್ತಾ?” ಎಂದರು.

ಏನಿಲ್ಲ, ಸುಮ್ಮನೆ ವಿಚಾರಿಸೋಣ ಎಂದು ಮಾಡಿದೆ ಎಂದೆ. ಇಬ್ಬರೂ ಏನೋ ಮುಚ್ಚಿಟ್ಟುಕೊಂಡೇ ಫೋನ್ ಇಟ್ಟೆವು. ಗುಂಡಿಯ ಮೇಲೆ ಬೆರಳಿಟ್ಟು, ಹಾಗೇ ತೆಗೆದೆ. ಈ ಔಷಧಿಯನ್ನು ಸುಳ್ಳು ಅನುಮಾನಕ್ಕೆ ನಿಲ್ಲಿಸಿ, ಆ ಮನುಷ್ಯ ಮತ್ತೆ ಹಳಿಯ ಕಡೆ ನಡೆದರೆ? ಎಂಟು ಗಂಟೆಗೆ ಇನ್ನೂ ಹೊತ್ತಿದೆ, ಮನೆಗೆ ಹೋಗಿ ಯೋಚಿಸೋಣ ಎಂದುಕೊಂಡೆ. ಯೋಚಿಸುವುದಕ್ಕೆ ಮನೆ ತಕ್ಕ ಜಾಗವಲ್ಲ ಎಂದು ಗೊತ್ತಿದ್ದೂ.

ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಗಂಡ ಷಡಕ್ಷರಿ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ದಿನದ ಸುದ್ದಿಯೆಲ್ಲ ಕಾಫಿ ಕುಡಿಯುವಾಗ ಬಿಚ್ಚಬೇಕು ಅವರಿಗೆ.

“ಪಕ್ಕದ ಬೀಡಾ ಅಂಗಡಿ ನಟೇಶ ಅಳ್ತಾ ಕೂತವ್ನೆ. ಸಿಗರೇಟು ಬೀಡಿ ಯಾರೂ ಮುಟ್ತಾ ಇಲ್ವಂತೆ.”

“ಯಾಕಂತೆ? ಜನಕ್ಕೆ ಬುದ್ಧಿ ಬಂತಾ?” ಎಂದರು ಅತ್ತೆ.

“ಬುದ್ಧಿ ಎಲ್ಲಿ ಬರುತ್ತೆ? ಎಲ್ಲಾ ಮಾಲೆ ಹಾಕವ್ರೆ. ಆಟೋ ಸ್ಟ್ಯಾಂಡಿಗೆ ಸ್ಟ್ಯಾಂಡೇ ಕರೀ ಬಟ್ಟೆ. ಬೆಟ್ಟ ಹತ್ತಿಳಿದು ಬಂದ ದಿನ ಬಡ್ಡಿ ಸಮೇತ ಸೇದ್ತಾರೆ, ಅಲ್ಲೀವರ್ಗೂ ತಡ್ಕೋ ಅಂದೆ.”

ಲೋಟ ಕೆಳಗಿಟ್ಟೆ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ. ಒಪ್ಪೊತ್ತು ಊಟ. ದೇವಸ್ಥಾನಕ್ಕೆ ಬರಿಗಾಲ ನಡಿಗೆ. ಸಂಸಾರದ ಮಾತು ಕಡಿಮೆ. ಗಂಟೆಗಟ್ಟಲೆ ಶರಣು ಕೂಗುವುದು. ಡಬ್ಬಿ ಬರೆದಿದ್ದೆಲ್ಲ ನಿಜವೇ ಆಗಿತ್ತು. ನಮ್ಮ ಊರುಗಳಲ್ಲಿ ಈ ಕಾಲಕ್ಕೆ ಸಾವಿರಾರು ಗಂಡಸರು ಹೀಗೇ ಇರುತ್ತಾರೆ, ಅವರು ಅಯ್ಯಪ್ಪನ ವ್ರತದಲ್ಲಿರುತ್ತಾರೆ ಎಂಬುದನ್ನು ಮಾತ್ರ ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದಿರಲಿ, ನನಗೂ ಹೊಳೆದಿರಲಿಲ್ಲ.

ನನ್ನನ್ನು ಹೆದರಿಸಿದ್ದು ಅದಲ್ಲ. ಚೆಲುವರಾಜು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು. ಡಬ್ಬಿ ಕೊಟ್ಟ ಮೊದಲ ದಿನ ಅದನ್ನು ಕೇಳಿ ದಾಖಲಿಸಿದ್ದರು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಏನಾಯ್ತೇ?” ಎಂದರು ಷಡಕ್ಷರಿ.

“ಬೀಡಿ ಬಿಟ್ಟಿದಾರೆ ಅನ್ಸುತ್ತೆ ಒಬ್ರು.”

“ಒಳ್ಳೇದಾಯ್ತಲ್ಲ!” ಎಂದರು ಅತ್ತೆ.

“ಅವರು ನುಂಗೋ ಮಾತ್ರೆಗೆ ಒಳ್ಳೇದಲ್ಲ ಅತ್ತೆ.” ಅವರಿಗೆ ಹೇಳುತ್ತ ಹೇಳುತ್ತ ನಾನೇ ಮತ್ತೊಮ್ಮೆ ಸರಿನೋಡಿಕೊಂಡೆ. “ನಮ್ಮ ಪಿತ್ತಜನಕಾಂಗ ಒಂದು ಒಲೆ ಅಂದ್ಕೊಳ್ಳಿ. ನುಂಗಿದ ಔಷಧೀನ ಅದು ನಿಧಾನಕ್ಕೆ ಸುಟ್ಟು ಹೊರಗೆ ಹಾಕುತ್ತೆ. ಬೀಡಿ ಹೊಗೆ ಆ ಒಲೆಗೆ ಊದುಗೊಳವೆ ಇದ್ದ ಹಾಗೆ. ಉರಿ ಜೋರಾಗಿ ಮಾತ್ರೆ ಬೇಗ ಸುಟ್ಟುಹೋಗುತ್ತೆ. ಅದಕ್ಕೇ ಬೀಡಿ ಸೇದೋರಿಗೆ ಈ ಮಾತ್ರೆ ಜಾಸ್ತಿ ಬೇಕು. ಊದೋದು ನಿಲ್ಲಿಸಿದ್ರೆ?”

“ಉರಿ ತಗ್ಗುತ್ತೆ.”

“ಮಾತ್ರೆ ಸುಡದೆ ರಕ್ತದಲ್ಲೇ ಉಳಿಯುತ್ತೆ. ಅಷ್ಟೇ ಮಾತ್ರೆ ಒಂದೂವರೆ ಪಟ್ಟು, ಎರಡು ಪಟ್ಟು ಆಗಿಬಿಡುತ್ತೆ. ಅದರ ಮೇಲೆ ಡಬ್ಬಿ ಬೇರೆ ಏರಿಸ್ತಾ ಇದೆ.”

ಅತ್ತೆ ಅವರೆಕಾಯಿ ಪಕ್ಕಕ್ಕೆ ಸರಿಸಿದರು. “ನೀ ಸುಮ್ನೆ ಹೇಳ್ತಿದೀಯೋ, ಗೊತ್ತಿದ್ದೇ ಹೇಳ್ತಿದೀಯೋ?”

ಅದೇ ನನ್ನ ಪ್ರಶ್ನೆಯೂ. ಆ ಮನುಷ್ಯ ಮಾಲೆ ಹಾಕಿದ್ದಾರೆ ಎನ್ನುವುದಕ್ಕೆ ನನ್ನ ಹತ್ತಿರ ಬೀಡಾ ಅಂಗಡಿಯ ನಟೇಶನ ಗೋಳು ಬಿಟ್ಟರೆ ಏನಿತ್ತು? ಜಯಶೀಲಾಗೆ ಮತ್ತೆ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಎಂಟಾಗುವುದಕ್ಕೆ ಸ್ವಲ್ಪವೇ ಉಳಿದಿತ್ತು. ಲೋಹಿತ್‌ಗೆ ಫೋನ್ ಮಾಡಿ ನನ್ನ ಹೆಸರಿನಲ್ಲಿ ತಡೆ ಒತ್ತಲು ಹೇಳಿದೆ.

“ಕಾರಣ ಏನ್ ಹಾಕ್ಲಿ? ಪಟ್ಟಿಯಲ್ಲಿ ಇರೋದ್ರಲ್ಲಿ ಒಂದು ಹೇಳಿ.”

“ಬೀಡಿ ಬಿಟ್ಟಿರಬಹುದು ಅಂತ ಹಾಕು.”

“ಅದು ಪಟ್ಟಿಯಲ್ಲಿಲ್ಲ. ‘ಇತರೆ’ ಅಂತ ಹಾಕ್ತೀನಿ. ಮೇಡಂ, ಒಂದ್ ಮಾತು. ಬಿಟ್ಟಿಲ್ದೆ ಇದ್ರೆ?”

“ಒತ್ತು” ಎಂದೆ.

ತಡೆಯ ಸುದ್ದಿ ತಲುಪಿ, ಆಗಲೇ ಚೆಲುವರಾಜುವಿನ ಮನೋವೈದ್ಯೆ ಡಾಕ್ಟರ್ ಮುನೀರಾ ಅವರ ಫೋನ್ ಬಂತು. ಯಾವುದೋ ಮದುವೆ ಮನೆಯ ಗದ್ದಲದ ನಡುವೆ ಇದ್ದರು. ನಾನು ತೊದಲುತ್ತ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಬೀಡಿ ವಿಷಯ ನಾನೂ ಹೋದ ಸಲ ಕೇಳಲಿಲ್ಲ ದಾಕ್ಷಾಯಿಣಿ” ಎಂದರು. “ನಿಮ್ಮ ಅನುಮಾನ ಸರಿ ಇರಬಹುದು. ಆದರೆ ಪೂರ್ತಿ ನಿಲ್ಲಿಸಬೇಡಿ. ಈ ಔಷಧಿ ಒಮ್ಮೆಲೇ ನಿಂತರೆ ಅದರದ್ದೇ ಕಾಟ, ಎರಡು ದಿನ ತಪ್ಪಿತು ಅಂದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಇವತ್ತು ಅರ್ಧ ಕೊಡಿ, ನನ್ನ ಹೆಸರಲ್ಲಿ. ಬೆಳಿಗ್ಗೆ ನೀವೇ ಹೋಗಿ ನೋಡಿ. ರಕ್ತ ನೋಡದೆ ನಾವಿಬ್ರೂ ಮಾತಾಡೋದೆಲ್ಲ ಊಹೆ.”

ನಿಲ್ಲಿಸಿಬಿಡಬೇಕೆಂಬ ನನ್ನ ಆತುರಕ್ಕೆ ನನಗೇ ಹೆದರಿಕೆಯಾಯಿತು. ಅರ್ಧ ಕೊಟ್ಟಿದ್ದೇ ತಡ, ಡಬ್ಬಿಯ ಲೆಕ್ಕದಲ್ಲಿ ಚೆಲುವರಾಜುವಿನ ಹೆಸರು ಹಳದಿಯಿಂದ ಕೆಂಪಾಯಿತು ಎಂದು ಲೋಹಿತ್ ಸಂದೇಶ ಕಳಿಸಿದ.

ಅಂದು ನಿದ್ದೆಯ ಮಾತಿರಲಿ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗೆಲ್ಲ ರೈಲು ಹಳಿ ಕಂಡಿತು.

ಬೆಳಗಿನ ರೈಲಿಗೆ ಅರಸೀಕೆರೆಗೆ ಹೋದೆ. ಚೀಲದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಔಷಧಿಯ ಪ್ರಮಾಣ ಹೇಳುವ ಪುಟ್ಟ ಉಪಕರಣವಿತ್ತು. ಅದನ್ನು ಪ್ರತಿ ಡಬ್ಬಿಯಲ್ಲೂ ಇಡುವ ಮಾತಿತ್ತು, ಬಹಳ ದುಬಾರಿಯೆಂದು ಕೈಬಿಟ್ಟಿದ್ದರು.

ಗಿರಣಿ ಓಡುತ್ತಿತ್ತು. ಜಯಶೀಲಾ ಒಬ್ಬರೇ ತಲೆಗೆ ಬಟ್ಟೆ ಕಟ್ಟಿಕೊಂಡು ರಾಗಿ ಸುರಿಯುತ್ತಿದ್ದರು. ರೆಪ್ಪೆಯ ಮೇಲೆಲ್ಲ ಹಿಟ್ಟು. ಪಕ್ಕದ ಹಗ್ಗದ ಮೇಲೆ ಕಪ್ಪು ಪಂಚೆ, ಕಪ್ಪು ಅಂಗಿ ಒಣಗುತ್ತಿದ್ದವು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಗಿರಣಿ ನಿಲ್ಲಿಸಿದರು.

“ಹೇಳಿದ್ರೆ ಹೋಗ್ಬೇಡಿ ಅಂತೀರಾ ಅಂತ ಹೇಳ್ಲಿಲ್ಲ ಮೇಡಂ. ಅವತ್ತು ಇವ್ರನ್ನ ಹಳಿ ಮೇಲಿಂದ ಎಳ್ಕಂಡ್ ಬಂದ್ರಲ್ಲ, ಅವತ್ತೇ ನಾನು ಹೇಳ್ಕಂಡಿದ್ದೆ. ಮನುಷ್ಯನಾಗಿ ಮಾಡಿಕೊಡು, ಬೆಟ್ಟ ಹತ್ತಿಸ್ತೀನಿ ಅಂತ. ಮಾಲೆ ಅವ್ರದ್ದು, ಹರಕೆ ನಂದು.”

“ಬೀಡಿ?”

“ಒಂದೂ ಮುಟ್ಟಿಲ್ಲ!” ಅಷ್ಟು ಹೊತ್ತಿನಲ್ಲಿ ಅವರ ಮುಖ ಅರಳಿದ್ದು ಅದೊಂದೇ ಸಲ. “ಮದ್ವೆ ಆದಾಗಿಂದ ಬಡ್ಕಂಡೆ, ಬಿಟ್ಟಿರ್ಲಿಲ್ಲ. ಮಾಲೆ ಬಿದ್ದಿದ್ದೇ ಬಿದ್ದಿದ್ದು, ಕಟ್ಟು ಎತ್ತಿ ಚರಂಡಿಗೆ ಎಸೆದ್ರು.”

ಆ ಸಂತೋಷದ ಮುಂದೆ ಏನು ಹೇಳುವುದು? ಅವರು ಎಲ್ಲಿದ್ದಾರೆ ಎಂದಷ್ಟೇ ಕೇಳಿದೆ.

ಎರಡು ಮನೆ ಆಚೆ ಚಪ್ಪರ ಹಾಕಿದ್ದರು. ದೇವರ ಪಟದ ಮುಂದೆ ಕಪ್ಪು ಬಟ್ಟೆಯ ಕೆಲವರು ಹೂ ಕಟ್ಟುತ್ತಿದ್ದರು. ಅವರ ಗುರುಸ್ವಾಮಿ ರಂಗನಾಥಪ್ಪ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಬಿಳಿ ಗಡ್ಡ, ಗಟ್ಟಿ ದನಿ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ ಚೆಲುವರಾಜುವನ್ನು ಹೆಮ್ಮೆಯಿಂದ ತೋರಿಸಿದರು.

“ನೋಡಿ ತಾಯಿ, ಕನ್ನೀಸ್ವಾಮಿ ಇವ್ರು, ಮೊದಲ್ನೇ ಸಲ. ಆದ್ರೂ ನಮ್ಮ ತಂಡದಲ್ಲಿ ಇಂಥ ಧ್ಯಾನ ಯಾರಿಗೂ ಒಲಿದಿಲ್ಲ. ಕೂತ್ರು ಅಂದ್ರೆ ಅಲ್ಲಾಡೋದಿಲ್ಲ. ಭಜನೆ ನಡೆಯುವಾಗ್ಲೂ ಒಳಗೇ ಇಳಿದುಬಿಡ್ತಾರೆ.”

ನಾನು ಹತ್ತಿರ ಹೋದೆ. ಬಾಯಿಯ ಅಂಚಿನಿಂದ ಜೊಲ್ಲು ಇಳಿದು ಅಂಗಿಯ ಕೊರಳಪಟ್ಟಿ ಒದ್ದೆಯಾಗಿತ್ತು. ಈ ಔಷಧಿ ಹೆಚ್ಚಾದವರಲ್ಲಿ ಮೊದಲು ಕಾಣುವುದೇ ಅದು, ಬೆಳಿಗ್ಗೆ ದಿಂಬು ತೊಯ್ದಿರುತ್ತದೆ. ವ್ರತದಲ್ಲಿ ದಿಂಬು ಹಾಕಿಕೊಳ್ಳುವುದಿಲ್ಲ, ಚಾಪೆಯ ಮೇಲೆ ಬೇರೆಯಾಗಿ ಮಲಗುತ್ತಾರೆ. ಜಯಶೀಲಾ ನೋಡಲು ಅಲ್ಲಿ ದಿಂಬೇ ಇರಲಿಲ್ಲ.

“ಚೆಲುವರಾಜು ಅವರೇ” ಎಂದೆ. ಅಲುಗಲಿಲ್ಲ. “ಸ್ವಾಮಿ” ಎಂದು ಗುರುಸ್ವಾಮಿ ಭುಜ ತಟ್ಟಿದಾಗ ಕಣ್ಣು ನಿಧಾನವಾಗಿ ತೆರೆಯಿತು.

“ಡಬ್ಬಿ ಮೇಡಂ” ಎಂದರು. ನಾಲಗೆ ದಪ್ಪವಾದಂತಿತ್ತು. “ತಲೆ ಎತ್ತಕ್ಕಾಗಲ್ಲ ಮೇಡಂ. ದೇವ್ರು ಹಿಡ್ಕೊಂಡ್ರೆ ಹಿಂಗೇ ಭಾರ ಆಗುತ್ತಂತೆ.” ಹೇಳುತ್ತಿದ್ದಂತೆ ಅವರ ತೋಳು ಒಮ್ಮೆಲೇ ಜಗ್ಗಿತು, ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಉರುಳಿತು. ಫಿಟ್ಸ್ ಬರುವ ಮೊದಲು ಹೀಗೆ ಜಗ್ಗುತ್ತದೆ.

ಬೆರಳು ಚುಚ್ಚಬೇಕು ಎಂದಾಗ ಗುರುಸ್ವಾಮಿ ಮುಖ ಗಂಟಿಕ್ಕಿಕೊಂಡರು. “ತಪ್ಪು ತಿಳೀಬೇಡಿ ತಾಯಿ. ಹೆಣ್ಣುಮಕ್ಕಳು, ನೀವು ಮುಟ್ಟೋದು...” ಎಂದು ಅರ್ಧಕ್ಕೇ ನಿಲ್ಲಿಸಿದರು. ನನಗೆ ಕಿವಿಯವರೆಗೂ ಬಿಸಿಯೇರಿತು. ನಾನು ಉತ್ತರ ಹುಡುಕುವುದರೊಳಗೆ ಚೆಲುವರಾಜು ತಾವೇ ಬೆರಳು ಚಾಚಿದರು.

ಉಪಕರಣದ ಅಂಕಿ ಇರಬೇಕಾದ ಗೆರೆಯನ್ನು ದಾಟಿ ಎಷ್ಟೋ ಮೇಲಿತ್ತು. ಅರ್ಧ ಮಾತ್ರೆ ಕೊಟ್ಟ ಮರುದಿನ ಇಷ್ಟು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಚಪ್ಪರದ ತುಂಬ ಗಂಡಸರು, ದೇವರ ಪಟ. “ಹೊರಕಡೆಗೆ ಹೋಗಿ ಎಷ್ಟು ದಿನ ಆಯ್ತು?” ಎಂದು ಕೇಳಿಯೇಬಿಟ್ಟೆ.

ಹೂ ಕಟ್ಟುತ್ತಿದ್ದವರೊಬ್ಬರು ಕಿಸಕ್ಕನೆ ನಕ್ಕರು. “ಒಪ್ಪೊತ್ತು ಊಟ ಮೇಡಂ, ಹೋಗೋಕೆ ಒಳಗೆ ಏನಾದ್ರೂ ಇರ್ಬೇಕಲ್ಲ.”

ಚೆಲುವರಾಜು ಮಾತ್ರ ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. “ವಾರದ ಮೇಲಾಯ್ತು. ಕಲ್ಲು ಕಟ್ದಂಗೆ ಆಗೈತೆ. ವ್ರತ ಅಂತ ಸುಮ್ನಿದ್ದೆ.”

ಈ ಔಷಧಿಯಿಂದ ಕರುಳು ಕಟ್ಟಿ ಜೀವ ಹೋದವರ ಬಗ್ಗೆ ಓದಿದ್ದೆ. ಆಸ್ಪತ್ರೆಗೆ ಹೋಗಬೇಕು, ಈಗಲೇ ಎಂದೆ. ಜಯಶೀಲಾ ನನಗೂ ಗಂಡನಿಗೂ ನಡುವೆ ಬಂದು ನಿಂತರು.

“ಆಸ್ಪತ್ರೇಲಿ ಮಾಲೆ ತೆಗೆಸ್ತಾರೆ. ಹೆರಿಗೆ ಸಾವು ಎಲ್ಲಾ ಇರೋ ಜಾಗ ಅದು. ನಡುವೆ ಮುರಿದ್ರೆ ಹರಕೆ ತಿರುಗ್ ಬೀಳುತ್ತೆ ಮೇಡಂ. ಮತ್ತೆ ಅವ್ರಿಗೆ ಆ ದನಿ ಕೇಳ್ಸಿದ್ರೆ ನೀವ್ ಬರ್ತೀರಾ ಹಳಿ ಕಾಯಕ್ಕೆ?”

ಅರ್ಧ ಮಾತ್ರೆಯಿಂದ ಆ ದನಿ ಬರಲಾರದೆಂದು ನಾನಾದರೂ ಆಣೆ ಮಾಡಬಲ್ಲೆನೇ? ಮಾತಾಡಿದವರು ಗುರುಸ್ವಾಮಿ.

“ಅಮ್ಮ, ನಾನು ಮೂವತ್ತು ವರ್ಷ ರೈಲಿನ ಹಿಂದಿನ ಡಬ್ಬಿಯಲ್ಲಿ ನಿಂತವ್ನು. ಕೆಂಪು ಬಾವುಟ ಕಂಡ ಮೇಲೆ ದೇವರ ಹೆಸರು ಹೇಳ್ಕೊಂಡು ಗಾಡಿ ಬಿಡೋಕಾಗಲ್ಲ. ಮಾಲೆ ಕತ್ತಲ್ಲೇ ಇರ್ಲಿ, ಯಾರು ತೆಗೆಸ್ತಾರೋ ನಾನು ನೋಡ್ತೀನಿ. ಸ್ವಾಮಿ ಆಸ್ಪತ್ರೆಗೆ ಹೋಗ್ಬಾರ್ದು ಅಂತ ಯಾವ ಗುರುನೂ ಹೇಳಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಧ್ಯಾನ ಅಂತಿದ್ದೆನಲ್ಲ ತಾಯಿ, ನಾನು” ಎಂದರು.

ಆಸ್ಪತ್ರೆಯಲ್ಲಿ ಹೊಟ್ಟೆ ಖಾಲಿ ಮಾಡಿಸಿದರು, ಸಲೈನ್ ಹಾಕಿದರು, ಹೃದಯದ ನಕ್ಷೆ ತೆಗೆದರು. ಮಾಲೆಯನ್ನು ಯಾರೂ ಮುಟ್ಟಲಿಲ್ಲ. ಡಾಕ್ಟರ್ ಮುನೀರಾ ಮಧ್ಯಾಹ್ನದ ಹೊತ್ತಿಗೆ ಬಂದವರೇ ಚೆಲುವರಾಜುವಿನ ಮಾತ್ರೆಯ ತೀರ್ಮಾನವನ್ನು ಡಬ್ಬಿಯ ಕೈಯಿಂದ ಪೂರ್ತಿ ತೆಗೆದುಕೊಂಡು, ನಿಗಾ ಮಾತ್ರ ಅದಕ್ಕೆ ಬಿಟ್ಟು, ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು. ಮೂರನೆಯ ದಿನಕ್ಕೆ ತೋಳು ಜಗ್ಗುವುದು ನಿಂತಿತು. ಇನ್ನೆರಡು ದಿನಕ್ಕೆ ಅವರು ನರ್ಸ್ ಜೊತೆ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲವೆಂದು ಜಗಳಕ್ಕೆ ನಿಂತರು. ದನಿ ಮರಳಲಿಲ್ಲ. ಗೋಡೆಯ ಮೇಲೆ ಮಾತ್ರ ಅವರ ಹೆಸರು ಅಷ್ಟೂ ದಿನ ಕೆಂಪಾಗಿಯೇ ಉರಿಯುತ್ತಿತ್ತು. ತಾನು ಹೇಳಿದಷ್ಟು ಮಾತ್ರೆ ಕೊಡುತ್ತಿಲ್ಲವೆಂಬ ಸಿಟ್ಟು ಡಬ್ಬಿಗೆ.

“ಅದಕ್ಕೆ ಎಲ್ಲಾ ಗೊತ್ತಾಗುತ್ತೆ, ಬೀಡಿ ವಾಸನೆ ಒಂದು ಬಿಟ್ಟು” ಎಂದ ಲೋಹಿತ್. “ಮೇಡಂ, ಇದಕ್ಕಿಂತ ದಿನಾ ಎರಡು ಕಟ್ಟು ಸೇದಿ ಅಂತ ನೀವೇ ಚೀಟಿ ಬರೆದುಕೊಟ್ರೆ ಸುಲಭ ಅಲ್ವಾ?”

ಅವನು ತಮಾಷೆಗೆ ಹೇಳಿದ್ದು ನನ್ನೊಳಗೆ ಮುಳ್ಳಿನಂತೆ ಕೂತಿತು. ಅದರ ಇನ್ನೊಂದು ಮೊನೆ ಆಗ ಕಂಡಿತು. ಈಗಿನ ಕಡಿಮೆ ಮಾತ್ರೆ ಬೀಡಿ ಬಿಟ್ಟ ಮನುಷ್ಯನ ಲೆಕ್ಕಕ್ಕೆ ಸರಿ. ಬೆಟ್ಟದಿಂದ ಬಂದು ಮಾಲೆ ತೆಗೆದ ದಿನ? ‘ಬಡ್ಡಿ ಸಮೇತ ಸೇದ್ತಾರೆ’ ಎಂದಿದ್ದರು ಷಡಕ್ಷರಿ. ಒಲೆಗೆ ಮತ್ತೆ ಊದುಗೊಳವೆ. ಈ ಕಡಿಮೆ ಮಾತ್ರೆ ಕೆಲವೇ ದಿನದಲ್ಲಿ ಸುಟ್ಟುಹೋಗಿ ಆ ದನಿ ಹಿಂತಿರುಗುತ್ತದೆ. ಗಿರಣಿಯಿಂದ ಹಳಿಗೆ ಕೂಗಳತೆ ದೂರ.

ಯಾತ್ರೆಗೆ ಹೊರಡುವ ಮುನ್ನ ಗಂಡ ಹೆಂಡತಿ ಇಬ್ಬರೂ ಕೇಂದ್ರಕ್ಕೆ ಬಂದರು. ಡಬ್ಬಿಯನ್ನು ಬೆಟ್ಟ ಹತ್ತಿಸುವಂತಿಲ್ಲವಾದ್ದರಿಂದ ಮಾತ್ರೆಗಳನ್ನು ದಿನಕ್ಕೊಂದು ಪೊಟ್ಟಣದಂತೆ ನಾನೇ ಕಟ್ಟಿಕೊಟ್ಟೆ. ನೋಡಿಕೊಳ್ಳುವ ಹೊಣೆ ಗುರುಸ್ವಾಮಿಯದು.

“ವಾಪಸ್ ಬಂದ ಮೇಲೆ ಬೀಡಿ ಮುಟ್ಟಬೇಡಿ” ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹಾಗೆ ನಿಲ್ಲಿಸಿದರೆ, ಸೇದಿದ ದಿನ ಇವರು ನನ್ನ ಹತ್ತಿರ ಬಾಯಿ ಬಿಡುವುದಿಲ್ಲ. “ಅಕಸ್ಮಾತ್ ಸೇದಿದ್ರೆ ಅವತ್ತೇ ನನಗೆ ಫೋನ್ ಮಾಡಿ. ಬೈಯೋದಿಲ್ಲ.”

“ಸೇದಲ್ಲ ಬಿಡಿ ಮೇಡಂ, ನಾನಿದೀನಲ್ಲ” ಎಂದರು ಜಯಶೀಲಾ. ಚೆಲುವರಾಜು ನೆಲ ನೋಡಿದರು.

ಅವರು ಹೋದ ಮೇಲೆ ಡಾಕ್ಟರ್ ಮುನೀರಾ ಅವರನ್ನು ಕೇಳಿದೆ. “ಸೇದೋಕೆ ನಾನೇ ಬಾಗಿಲು ತೆರೆದುಕೊಟ್ಟ ಹಾಗಾಯ್ತಾ ಡಾಕ್ಟ್ರೇ?”

“ಗೊತ್ತಿಲ್ಲ” ಎಂದರು. “ಬಾಗಿಲು ಹಾಕಿದ್ರೆ ನಮಗೇನೂ ಕಾಣಿಸ್ತಿರಲಿಲ್ಲ, ಅಷ್ಟು ಗೊತ್ತು.”

ಅವರು ಬೆಟ್ಟ ಹತ್ತಿದ ಸುದ್ದಿ ಬಂತು. ಇಳಿದ ಸುದ್ದಿ ಬಂತು. ಮಾಲೆ ತೆಗೆದ ದಿನ ಫೋನ್ ಬರಲಿಲ್ಲ. ಮರುದಿನ ಮಧ್ಯಾಹ್ನವಾದರೂ ಇಲ್ಲ. ನಾನೇ ಮಾಡಿದೆ, ಜಯಶೀಲಾ ತೆಗೆದುಕೊಂಡರು. “ಇಲ್ಲ ಮೇಡಂ, ಒಂದೂ ಇಲ್ಲ” ಎಂದರು, ತೀರಾ ಬೇಗನೆ. ಚೆನ್ನಾಗವ್ರೆ ಎಂದು ಆವತ್ತು ಹೇಳಿದ್ದ ದನಿಯೇ. ಏನು ಮಾಡಲಿ? ಮಾತ್ರೆ ಏರಿಸಿಬಿಡಿ ಎಂದು ಡಾಕ್ಟರಿಗೆ ಹೇಳಲೇ? ನಿಜವಾಗಿಯೂ ಬಿಟ್ಟಿದ್ದರೆ ಮತ್ತೆ ಅದೇ ಆಸ್ಪತ್ರೆ. ಏರಿಸದೆ ಇರೋಣವೇ? ಸೇದುತ್ತಿದ್ದರೆ ಹಳಿ. ಗೋಡೆಯ ಮೇಲೆ ಅವರ ಹೆಸರು ಅಂದು ತಣ್ಣಗೆ ಹಸಿರಾಗಿತ್ತು. ಬೆಳಗಿನ ಜಾವದ ಸ್ನಾನವಿಲ್ಲ, ಭಜನೆಯಿಲ್ಲ, ಮೂರು ಹೊತ್ತು ಊಟ. ಡಬ್ಬಿಗೆ ಇದಕ್ಕಿಂತ ನೆಮ್ಮದಿಯ ಮನುಷ್ಯ ಬೇಕಿರಲಿಲ್ಲ.

ಸಂಜೆ ಚೀಲ ಹೆಗಲಿಗೇರಿಸುವ ಹೊತ್ತಿಗೆ ಮೇಜಿನ ಫೋನ್ ಹೊಡೆದುಕೊಂಡಿತು.

“ಚೆಲುವರಾಜು ಮೇಡಂ. ಗಿರಣಿ ಹಿಂದ್ಗಡೆಯಿಂದ ಮಾಡ್ತಾ ಇದೀನಿ.”

“ಹೇಳಿ.”



“ಬೈಯಲ್ಲ ಅಂದಿದ್ರಿ.”

“ಬೈಯಲ್ಲ.”

“ಅವಳ ಲೆಕ್ಕದಲ್ಲಿ ಒಂದೂ ಇಲ್ಲ. ಗುರುಸ್ವಾಮಿ ಎದುರಿಗೆ ಸಿಕ್ಕಾಗ ಕೈಲಿ ಒಂದಿತ್ತು, ಒಂದೇ ಅಂತ ಹೇಳಿದೆ. ಹರಕೆ ಅವಳದ್ದು, ಅವಳಿಗೆ ನೋವಾಗುತ್ತೆ. ಆದ್ರೆ ಮಾತ್ರೆ ನುಂಗೋನು ನಾನು ತಾನೆ ಮೇಡಂ?” ದನಿ ತಗ್ಗಿತು. “ನಿನ್ನೆ ಐದು, ಇವತ್ತು ಐದು. ದಿನಕ್ಕೆ ಐದು ಬೀಡಿ ಅಂತ ಬರ್ಕೊಳ್ಳಿ.”

ಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಐದು ಎಂದು ಬರೆದುಕೊಂಡೆ.